ಉಪ್ಪಿಲ್ಲದ ಕಡಲು: ಇಂಡಿಯಾನಾ ಡ್ಯೂನ್ಸ್ ಸ್ಟೇಟ್ ಪಾರ್ಕ್

ನಮ್ಮ ಅಪ್ಪ ಮಲ್ಪೆಯವರು. ಕಡಲು ಅವರಿಗೆ ಹೊಸದಲ್ಲ. ಜುಲೈಯಲ್ಲಿ ಅವರನ್ನು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ಮಿಷಿಗನ್ ಸರೋವರದ ದಂಡೆಯಲ್ಲಿರುವ ಈ ಪಾರ್ಕಿಗೆ ಕರ್ಕೊಂಡು ಹೋದೆ. ಪ್ಯಾಂಟ್ ಮಡಚಿ ನೀರಿಗಿಳಿದರು. ಅಲೆಯೊಂದು ಮುಖಕ್ಕೆ ಎರಚಿತು. ತುಟಿ ನೆಕ್ಕಿ ನೋಡಿ, "ಉಪ್ಪೇ ಇಲ್ಲ ಮಾರಾಯ್ತಿ!" ಅಂದರು. ಆಮೇಲೆ ಒಂದು ತಾಸು ದಡಕ್ಕೇ ಬರಲಿಲ್ಲ.

ಶಿಕಾಗೋ ಕಡೆ ಇರುವವರು ಇಲ್ಲಿಗೆ ಒಮ್ಮೆಯಾದರೂ ಹೋಗಲೇಬೇಕು. ಕಾರಲ್ಲಿ ಒಂದು ತಾಸಿನ ಮೇಲೆ ಸ್ವಲ್ಪ. ಸೌತ್ ಶೋರ್ ರೈಲಲ್ಲಿ ಬಂದರೆ ಡ್ಯೂನ್ ಪಾರ್ಕ್ ಸ್ಟೇಷನ್ನಿಂದ ನಡೆದೇ ಹೋಗಬಹುದು. ಒಂದು ಮಾತು ನೆನಪಿರಲಿ. ಸುತ್ತ ಇರುವುದು ನ್ಯಾಷನಲ್ ಪಾರ್ಕ್, ಇದು 1925ರ ಸ್ಟೇಟ್ ಪಾರ್ಕ್. ಎರಡಕ್ಕೂ ಗೇಟು ಬೇರೆ, ಶುಲ್ಕ ಬೇರೆ. ಒಂದರ ಪಾಸು ಇನ್ನೊಂದಕ್ಕೆ ನಡೆಯುವುದಿಲ್ಲ. ಬೇಸಿಗೆಯ ಶನಿವಾರ, ಭಾನುವಾರ ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು.

ಮೂರು ಮೈಲಿ ಮರಳು ದಂಡೆ. ಚಪ್ಪಲಿ ಬಿಚ್ಚಿ ಒಣ ಮರಳಲ್ಲಿ ಕಾಲು ಎಳೆದು ನಡೆಯಿರಿ. ಕಿರ್ ಕಿರ್ ಅಂತ ಶಬ್ದ ಬರುತ್ತದೆ. ದುಂಡಗಿನ ಕ್ವಾರ್ಟ್ಜ್ ಕಣಗಳು ಒಂದಕ್ಕೊಂದು ಉಜ್ಜಿ ಹಾಗಾಗುವುದು. ನನ್ನ ಮಗಳು ಇದನ್ನೇ ಅರ್ಧ ಗಂಟೆ ಮಾಡಿದಳು. ಆಕಾಶ ತಿಳಿಯಾಗಿದ್ದರೆ ನೀರಿನಾಚೆ ಶಿಕಾಗೋದ ಕಟ್ಟಡಗಳು ಕಡ್ಡಿ ನೆಟ್ಟ ಹಾಗೆ ಕಾಣುತ್ತವೆ.

ದಂಡೆಯ ಹಿಂದೆ ಡ್ಯೂನ್ಸ್, ಅಂದರೆ ಮರಳಿನ ಗುಡ್ಡಗಳು. ಎತ್ತರದ್ದು ಮೌಂಟ್ ಟಾಮ್, 192 ಅಡಿ. ಮಗಳು ದಾರಿ ಬಿಟ್ಟು ಗುಡ್ಡದ ಹುಲ್ಲಿನೊಳಗೆ ಓಡಿದಳು. ಪಾರ್ಕಿನ ಸಿಬ್ಬಂದಿ ಒಬ್ಬರು ಬಂದು, ಬೈಯದೆ, ಮಂಡಿಯೂರಿ ಕೂತು ಒಂದು ಬುಡ ತೋರಿಸಿದರು. ಅದು ಮ್ಯಾರಮ್ ಹುಲ್ಲು. ಮರಳು ಮೇಲೆ ಬಿದ್ದಷ್ಟೂ ಮೇಲಕ್ಕೆ ಬೆಳೆಯುತ್ತದೆ, ಒಳಗೊಳಗೇ ಬೇರು ಹಬ್ಬಿಸಿ ಗುಡ್ಡವನ್ನು ಹಿಡಿದಿಡುತ್ತದೆ. ಗಾಳಿ, ಬಿಸಿಲು, ಚಳಿ ಎಲ್ಲ ತಡೆಯುವ ಹುಲ್ಲು ನಮ್ಮ ಕಾಲ್ತುಳಿತ ಮಾತ್ರ ತಡೆಯದು. ಹುಲ್ಲು ಸತ್ತ ಕಡೆ ಗಾಳಿ ಮರಳನ್ನು ತೋಡಿಕೊಂಡು ಹೋಗುತ್ತದೆ. ಅಪ್ಪನಿಗೆ ಇದು ಕೂಡಲೇ ಅರ್ಥವಾಯಿತು. ನಮ್ಮೂರ ದಂಡೆಯಲ್ಲೂ ನೇರಳೆ ಹೂವಿನ ಬಳ್ಳಿ ಇದೇ ಕೆಲಸ ಮಾಡುತ್ತದಲ್ವಾ? ದಯವಿಟ್ಟು ದಾರಿಯಲ್ಲೇ ನಡೆಯಿರಿ. ಫೋಟೋಗೋಸ್ಕರವೂ ಹುಲ್ಲಿಗೆ ಇಳಿಯಬೇಡಿ.

ಸರೋವರ ಅಂತ ಸದರ ಬೇಡ. ಉಪ್ಪಿಲ್ಲದ ನೀರಲ್ಲಿ ದೇಹ ಸಮುದ್ರದಷ್ಟು ತೇಲುವುದಿಲ್ಲ, ಅಲೆಗಳೂ ಬೇಗ ಬೇಗ ಬರುತ್ತವೆ. ಸೆಳೆತಕ್ಕೆ ಸಿಕ್ಕರೆ ಎದುರು ಈಜಬೇಡಿ. ಅಂಗಾತ ತೇಲಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಪಕ್ಕಕ್ಕೆ ಸರಿದು ಹೊರಗೆ ಬನ್ನಿ. ಮಕ್ಕಳಿದ್ದರೆ ಲೈಫ್‌ಗಾರ್ಡ್ ಇರುವ ಜಾಗ ಬಿಟ್ಟು ಬೇರೆ ಕಡೆ ಇಳಿಸಲೇಬೇಡಿ. ಜೋರು ಮಳೆ ಬಂದ ಮರುದಿನ ನೀರಿನ ಸೂಚನೆ ನೋಡಿ ಹೊರಡಿ. 100 ಮಿ.ಲೀ. ನೀರಲ್ಲಿ ಇ. ಕೊಲೈ (ಮಲದಿಂದ ನೀರು ಸೇರುವ ಬ್ಯಾಕ್ಟೀರಿಯಾ) ಎಣಿಕೆ 235 ದಾಟಿದರೆ ಎಚ್ಚರಿಕೆ ಹಾಕುತ್ತಾರೆ.

ಗಲ್ ಹಕ್ಕಿಗಳ ಹಿಕ್ಕೆಯಿಂದಲೂ ಇದೇ ಇ. ಕೊಲೈ ನೀರು ಸೇರುತ್ತದೆ. ಪಕ್ಕದ ಕುಟುಂಬವೊಂದು ಅವಕ್ಕೆ ಚಿಪ್ಸ್ ಎಸೆಯುತ್ತಿತ್ತು. ಎರಡೇ ನಿಮಿಷದಲ್ಲಿ ಹಿಂಡೇ ಬಂತು. ನೋಡಿ ನಂಗೆ ತುಂಬಾ ಬೇಜಾರಾಯಿತು. ನಾವು ಚಿತ್ರಾನ್ನ, ಮೊಸರವಲಕ್ಕಿ ಒಯ್ದಿದ್ದೆವು. ಒಂದು ಅಗುಳೂ ಮರಳಿಗೆ ಬೀಳದ ಹಾಗೆ ತಿಂದೆವು.

ಖಾಲಿಯಾದ ಡಬ್ಬಿ ಹಿಡಿದು ಅಪ್ಪ ದಂಡೆಯುದ್ದಕ್ಕೂ ನಡೆದರು. ಬಾಟಲಿ ಮುಚ್ಚಳ, ಬಲೂನಿನ ದಾರ, ಸ್ಟ್ರಾ ತುಂಡುಗಳು. ಡಬ್ಬಿ ತುಂಬಿತು. ಕಾರು ಹತ್ತುವಾಗ "ಇನ್ನೊಮ್ಮೆ ಬರುವ" ಅಂದರು. ಸೆಪ್ಟೆಂಬರಲ್ಲಿ ಕರ್ಕೊಂಡು ಹೋಗುತ್ತೇನೆ. ಆಗ ಜನ ಕಡಿಮೆ, ನೀರು ಇನ್ನೂ ಬೆಚ್ಚಗೆ. ಲೈಫ್‌ಗಾರ್ಡ್ ಇರುವುದಿಲ್ಲ, ಹಾಗಾಗಿ ಮೊಣಕಾಲವರೆಗೆ ಮಾತ್ರ. ಈ ಸಲ ದೊಡ್ಡ ಚೀಲ ಒಯ್ಯುತ್ತೇವೆ.