ಯೆಹೂದಿ, ಕ್ರೈಸ್ತ, ಮುಸ್ಲಿಂ ಮಕ್ಕಳಿಗೆ ಒಟ್ಟಿಗೆ ಪಾಠ: ಮೂರರಲ್ಲಿ ಯಾವುದು ಚೆನ್ನ?

ಲಂಡನ್ನಿನಲ್ಲಿ ನಮ್ಮ ಮಕ್ಕಳ ಕ್ಲಾಸಿನಲ್ಲಿ ಮೂರೂ ಧರ್ಮದ ಮಕ್ಕಳಿದ್ದಾರೆ. ನಾವು ಹಾಸನದ ಕಡೆಯ ಕ್ರೈಸ್ತರು. ಜೊತೆಗೆ ಆಡುವವರು ಒಬ್ಬರ ನಂಬಿಕೆ ಇನ್ನೊಬ್ಬರು ತಿಳಿದಿರಬೇಕು ಅನ್ನುವುದು ನಮ್ಮ ಆಸೆ. ಅದಕ್ಕೆ ಇಲ್ಲಿರುವ ಮೂರು ದಾರಿಗಳನ್ನೂ ನೋಡಿದ್ದೇವೆ.

ಮೊದಲು ಶಾಲೆಯ ಆರ್.ಇ. (ರಿಲಿಜಿಯಸ್ ಎಜುಕೇಶನ್), ಅಂದರೆ ಧರ್ಮಗಳ ಬಗ್ಗೆ ಪಾಠ. ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳು ಇದನ್ನು ಕಲಿಸಲೇಬೇಕು. ಬೇಡ ಅನ್ನುವ ಪೋಷಕರು ಮಗುವನ್ನು ಹೊರಗಿಡಬಹುದು. ಖರ್ಚಿಲ್ಲ, ಎಲ್ಲರಿಗೂ ಸಿಗುತ್ತದೆ. ಆದರೆ ಅಪ್ಪ ಅಮ್ಮಂದಿರಿಗೆ ಅಲ್ಲಿ ಜಾಗವಿಲ್ಲ.

ಎರಡನೆಯದು ಭೇಟಿ. ಬೇರೆ ಬೇರೆ ಧರ್ಮದವರು ಒಬ್ಬರನ್ನೊಬ್ಬರು ಅರಿಯಲಿ ಅಂತ 2009ರಲ್ಲಿ ಶುರುವಾದ ಇಂಟರ್ ಫೇಯ್ತ್ ವೀಕ್ ನವೆಂಬರಿನಲ್ಲಿ ಬರುತ್ತದೆ. ಆಗ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ), ಮಸೀದಿ, ಚರ್ಚುಗಳಿಗೆ ಮನೆಮಂದಿಯೆಲ್ಲ ಹೋಗಬಹುದು. ಯೆಹೂದಿಗಳ ಪವಿತ್ರ ಗ್ರಂಥ ಟೋರಾದ ಸುರುಳಿ, ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ, ಅಂದರೆ ವುಜೂ ಮಾಡುವ ನಲ್ಲಿಗಳ ಸಾಲು, ಇವೆಲ್ಲ ಚಿಕ್ಕವರಿಗೆ ತುಂಬಾ ಇಷ್ಟ. ದೊಡ್ಡವರು ಮಾತ್ರ ಚೆಂದದ ಮಾತಾಡಿ, ತಿಂಡಿ ತಿಂದು ಹೊರಡುತ್ತಾರೆ. ಕಷ್ಟದ ಪ್ರಶ್ನೆ ಬರುವುದೇ ಇಲ್ಲ.

ನನ್ನ ಮನಸ್ಸು ನಿಂತಿರುವುದು ಮೂರನೆಯದರಲ್ಲಿ: ಒಟ್ಟಿಗೆ ಕೂತು ಓದುವುದು. 1990ರ ದಶಕದಲ್ಲಿ ಯೂನಿವರ್ಸಿಟಿ ವಿದ್ವಾಂಸರು ಶುರುಮಾಡಿದ ‘ಸ್ಕ್ರಿಪ್ಚರಲ್ ರೀಸನಿಂಗ್’ ಪದ್ಧತಿ ಇದು. ಗ್ರಂಥಗಳಿಂದ ಪುಟ್ಟ ಪುಟ್ಟ ಭಾಗ ತಂದು ಓದಬೇಕು, ಮಾತಾಡಬೇಕು. ಒಬ್ಬರ ಮಾತು ಇನ್ನೊಬ್ಬರು ಒಪ್ಪಲೇಬೇಕು ಅಂತೇನಿಲ್ಲ. ಕೆಲವು ಕುಟುಂಬಗಳು ಸೇರಿ ಇದನ್ನು ಮಕ್ಕಳ ಮಟ್ಟಕ್ಕೆ ಇಳಿಸಿಕೊಂಡೆವು.

ಯೋಸೇಫನ ಕಥೆ ತೆಗೆದುಕೊಳ್ಳಿ. ಅವನನ್ನು ಗುಂಡಿಗೆ ತಳ್ಳಿದ ಅಣ್ಣಂದಿರು, ಅವನು ಸತ್ತ ಅಂತ ನಂಬಿಸಲು ಅವನ ಅಂಗಿಗೆ ರಕ್ತ ಹಚ್ಚಿ ಅಪ್ಪ ಯಾಕೋಬನ ಮುಂದಿಡುತ್ತಾರೆ. ಯೆಹೂದಿ, ಕ್ರೈಸ್ತರಿಬ್ಬರೂ ಓದುವ ಆದಿಕಾಂಡದ 37ನೇ ಅಧ್ಯಾಯದಲ್ಲಿ ಯಾಕೋಬ ಅದನ್ನು ನಂಬಿ ಬಟ್ಟೆ ಹರಿದುಕೊಂಡು ಅಳುತ್ತಾನೆ. ಕುರಾನಿನ 12ನೇ ಅಧ್ಯಾಯದಲ್ಲಿ ಅಪ್ಪ ನಂಬುವುದಿಲ್ಲ, ಇದು ನೀವೇ ಕಟ್ಟಿದ್ದು ಅಂತ ಹೇಳಿ ತಾಳ್ಮೆ ತಂದುಕೊಳ್ಳುತ್ತಾನೆ. ‘ಗೊತ್ತಿದ್ದೂ ಯಾಕೆ ಹುಡುಕಲಿಲ್ಲ ಅಬ್ಬಾ?’ ಅಂತ ಒಬ್ಬ ಹುಡುಗ ತನ್ನ ತಂದೆಯನ್ನೇ ಕೇಳಿದ. ಅವರು ಯೋಚನೆಯಲ್ಲಿ ಬಿದ್ದರು. ಆಗ ಯೆಹೂದಿ ತಾಯಿಯೊಬ್ಬರು, ಆದಿಕಾಂಡದಲ್ಲೂ ಯಾಕೋಬ ಯಾರ ಸಮಾಧಾನಕ್ಕೂ ಒಪ್ಪಲಿಲ್ಲ ಅಲ್ವಾ ಅಂದರು. ಬದುಕಿರುವವನಿಗಾಗಿ ಅಳುವವನಿಗೆ ಸಮಾಧಾನ ಸಿಗುವುದಿಲ್ಲ, ಅದಕ್ಕೇ ಹಾಗೆ ಅಂತ 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ವಿವರಿಸಿದ್ದಾರಂತೆ. ನಾನು ಚಿಕ್ಕಂದಿನಿಂದ ಕೇಳಿದ ಕಥೆಯಲ್ಲಿ ಇಷ್ಟೊಂದಿದೆ ಅಂತ ಅವತ್ತೇ ತಿಳಿದದ್ದು.

ತೊಂದರೆಗಳೂ ಇವೆ. ಏಳೆಂಟು ವರ್ಷದೊಳಗಿನ ಮಕ್ಕಳು ಬೇಗ ಬೇಸರಪಡುತ್ತಾರೆ, ಅವರಿಗೆ ಭೇಟಿಯೇ ಸರಿ. ಭಾಗ ಆರಿಸುವ ಕೆಲಸ ಜಾಸ್ತಿ, ಅದನ್ನು ಮೂರೂ ಕಡೆಯವರು ಹಂಚಿಕೊಳ್ಳಬೇಕು. 2023ರ ಅಕ್ಟೋಬರಿನಲ್ಲಿ ಇಸ್ರೇಲ್-ಗಾಜಾ ಯುದ್ಧ ಶುರುವಾದ ನಂತರ ಬರುವವರು ಕಡಿಮೆಯಾದರು. ಬಂದವರು ಮೊದಲಿಗಿಂತ ಮನಸ್ಸು ಬಿಚ್ಚಿ ಮಾತಾಡಿದರು.

ಶುರುಮಾಡುವವರು ಯೋಸೇಫನಿಂದಲೇ ಶುರುಮಾಡಿ. ಅಬ್ರಹಾಮ ಮಗನನ್ನು ಬಲಿಗೆ ಕರೆದೊಯ್ದ ಕಥೆ ಆಮೇಲೆ ಇರಲಿ. ಆ ಮಗ ಆದಿಕಾಂಡ ಹೇಳುವ ಇಸಾಕನೋ, ಹೆಚ್ಚಿನ ಮುಸ್ಲಿಮರು ನಂಬುವ ಇಸ್ಮಾಯಿಲನೋ ಅನ್ನುವ ಮಾತು ಬಂದೇ ಬರುತ್ತದೆ. ಅಷ್ಟು ಹೊತ್ತಿಗೆ ಪರಸ್ಪರ ಸಲಿಗೆ ಬೆಳೆದಿರಬೇಕು.