ಟಾಟಾ 2515 ಟಿಸಿ, ಹಳೇ ಗಾಡಿ: ಹೊಗೆ ಕಂಡ ಕೂಡಲೇ ಟರ್ಬೊ ಬಿಚ್ಚಬೇಡಿ

ಹತ್ತು ಚಕ್ರದ ಈ ಲಾರಿಯ ಕಮ್ಮಿನ್ಸ್ 6ಬಿಟಿ, 5.9 ಲೀಟರ್ ಎಂಜಿನ್ ಗಟ್ಟಿ ಜೀವ. ಸೆನ್ಸರ್, ಕಂಪ್ಯೂಟರ್ ತಲೆನೋವಿಲ್ಲ, ಡೀಸೆಲ್ ಒತ್ತೋದು ಸಾದಾ ಇನ್‌ಲೈನ್ ಪಂಪು. ಕಾಯಿಲೆ ಏನಿದ್ದರೂ ಸೈಲೆನ್ಸರ್‌ನಲ್ಲೇ ಹೇಳುತ್ತೆ. ತೊಂದರೆ ಇರೋದು ಅದನ್ನು ಕೇಳುವವರಲ್ಲಿ: ಹೊಗೆ ಯಾವ ಬಣ್ಣದ್ದಾದರೂ ಗ್ಯಾರೇಜಿನ ಮೊದಲ ತೀರ್ಪು ‘ಟರ್ಬೊ ಹೋಗಿದೆ’, ಅಂದರೆ ಎಕ್ಸಾಸ್ಟ್ ಬಿಸಿಗಾಳಿಯಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತುವ ಸಾಧನ ಕೆಟ್ಟಿದೆ. ಬಣ್ಣದಷ್ಟೇ ಮುಖ್ಯ, ಹೊಗೆ ಯಾವಾಗ ಬರುತ್ತೆ ಅನ್ನೋದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ, ಲೋಡಿನಲ್ಲೋ, ಇಳಿಜಾರು ಮುಗಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗಲೋ?

ಕಪ್ಪು ಹೊಗೆ ಅಂದರೆ ಸುರಿದ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ. ಕಾಲಿಟ್ಟ ಕ್ಷಣ ಒಂದು ಉಂಡೆ ಹೊಗೆ ಬಂದು ತಿಳಿಯಾದರೆ ಅದು ಟರ್ಬೊ ಒತ್ತಡ ಕಟ್ಟುವವರೆಗಿನ ಸಹಜ ತಡ. ಶಿರಾಡಿಯಲ್ಲಿ ಗುಂಡ್ಯ ದಾಟಿ, ತುಂಬಿದ ಲೋಡಿನಲ್ಲಿ ಏರುವಷ್ಟು ದೂರವೂ ಕಪ್ಪು ಎಳೆಯುತ್ತಿದ್ದರೆ ಮಾತ್ರ ಹುಡುಕಬೇಕು. ಹೊಗೆ ಪರೀಕ್ಷೆಯ ಚೀಟಿ ಇಲ್ಲಿ ಸಮಾಧಾನ ಕೊಡಬಾರದು. ಬಿಎಸ್ 4 ಮಾಲಿನ್ಯ ಮಾನದಂಡಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟತೆಯ ಅಳತೆ), ಆದರೆ ಅದನ್ನು ಅಳೆಯೋದು ನಿಂತ ಗಾಡಿಯಲ್ಲಿ, ಲೋಡಿಲ್ಲದೆ. ಅಲ್ಲಿ ಪಾಸಾದ ಗಾಡಿ ಘಾಟಿಯಲ್ಲಿ ಹಿಂದಿನವನ ಮುಖಕ್ಕೆ ಮಸಿ ಬಳಿಯಬಹುದು.

ಹುಡುಕಾಟ ಏರ್ ಫಿಲ್ಟರ್‌ನಿಂದ ಶುರು. ಫಿಲ್ಟರ್ ಕುಟ್ಟಿ ಧೂಳು ಉದುರಿಸಿದರೆ ಸಾಕು ಅನ್ನೋದು ಸುಳ್ಳು, ಕಾಗದ ಹರಿದು ಧೂಳು ನೇರ ಟರ್ಬೊ ಚಕ್ರಕ್ಕೆ ಹೋಗುತ್ತೆ. ಅನುಮಾನವಿದ್ದರೆ ಪಾರದರ್ಶಕ ಪೈಪನ್ನು ‘ಯು’ ಆಕಾರದಲ್ಲಿ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರ್‌ಗೂ ಟರ್ಬೊಗೂ ನಡುವಿನ ಪೈಪಿಗೆ ಸೇರಿಸಿ. ಪೂರ್ತಿ ಲೋಡಿನಲ್ಲಿ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ 635 ಮಿ.ಮೀ. ಮುಟ್ಟಿದರೆ ಫಿಲ್ಟರ್ ಬದಲಿಸಿ.

ಆಮೇಲೆ ಟರ್ಬೊ ಗಾಳಿ ಒಯ್ಯುವ ಹೋಸ್, ಕ್ಲಾಂಪ್, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದ್ದರೆ ಅದೂ. ಬಿರುಕು ಹೋಸಿನ ಕೆಳಗಡೆ, ಎಣ್ಣೆ ನೆನೆದು ಮೆತ್ತಗಾದ ಜಾಗದಲ್ಲಿ ಅಡಗಿರುತ್ತೆ, ಕಣ್ಣಿಗೆ ಸಿಗಲ್ಲ. ಪಿವಿಸಿ ಎಂಡ್ ಕ್ಯಾಪಿಗೆ ಟೈರ್ ಟ್ಯೂಬಿನ ವಾಲ್ವ್ ಕೂರಿಸಿ ಟರ್ಬೊ ಗಾಳಿ ಎಳೆಯುವ ಬಾಯಿಗೆ ಬಿಗಿಯಿರಿ. ಎಂಜಿನ್ ಆಫ್ ಇರಲಿ. 15 ಪಿಎಸ್‌ಐ ಮೀರದಂತೆ ಗಾಳಿ ಬಿಟ್ಟು ಸೋಪು ನೀರು ಹಚ್ಚಿ. ಕ್ಯಾಪು ಹಾರಬಹುದು, ಎದುರಿಗೆ ನಿಲ್ಲಬೇಡಿ. ಎಂಜಿನ್‌ನ ತೆರೆದ ವಾಲ್ವ್ ದಾರಿಯಲ್ಲಿ ಗಾಳಿ ಮೆಲ್ಲಗೆ ಇಳಿಯೋದು ಸಹಜ, ಹೋಸಿನ ಮೇಲೆ ಗುಳ್ಳೆ ಏಳೋದು ಸಹಜವಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಮಸಿಯ ಗೆರೆ ಕಂಡರೆ ಟರ್ಬೊ ತಿರುಗಿಸಬೇಕಾದ ಬಿಸಿಗಾಳಿ ದಾರಿಯಲ್ಲೇ ಸೋರುತ್ತಿದೆ.

ಇಷ್ಟೂ ಸರಿಯಿದ್ದರೆ ಟ್ಯಾಪೆಟ್, ಅಂದರೆ ವಾಲ್ವ್ ಮೇಲಿನ ಸಂದು ನೋಡಿ. ತಣ್ಣನೆ ಎಂಜಿನ್‌ನಲ್ಲಿ ಇನ್‌ಟೇಕ್ 0.25 ಮಿ.ಮೀ., ಎಕ್ಸಾಸ್ಟ್ 0.51 ಮಿ.ಮೀ. ಆಮೇಲೆ ಪಂಪು. ಸೀಲ್ ಒಡೆದು ‘ಪವರ್ ಜಾಸ್ತಿ’ ಮಾಡಿಸಿದ ಪಂಪು ಕಡಿಮೆ ಆರ್‌ಪಿಎಂನಲ್ಲೇ ಕಪ್ಪು ಕಾರುತ್ತೆ. ಇದಕ್ಕೆ ತದ್ವಿರುದ್ಧ: ಟರ್ಬೊ ಕಟ್ಟಿದ ಗಾಳಿಯ ಒತ್ತಡವನ್ನು (ಬೂಸ್ಟ್) ಪಂಪಿಗೆ ಒಯ್ಯುವ ಸಣ್ಣ ಪೈಪು ತುಂಡಾದರೆ ಹೊಗೆಯೂ ಇಲ್ಲ, ಪಿಕಪ್ಪೂ ಇಲ್ಲ.

ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಮೇಲೆ ಅನುಮಾನವಿದ್ದರೆ ಹಳೇ ಉಪಾಯವೇ ಸರಿ. ಐಡಲ್‌ನಲ್ಲಿ ಒಂದೊಂದೇ ಹೈ ಪ್ರೆಶರ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ. ಸದ್ದು ಇಳಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಸದ್ದು ಬದಲಾಗದೆ ಹೊಗೆ ಮಾತ್ರ ಕಡಿಮೆಯಾದರೆ ಕಳ್ಳ ಸಿಕ್ಕ. ನಟ್ ಮೇಲೆ ಬಟ್ಟೆ ಇರಲಿ, ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಹೊಸ ಬಗೆಯ, ಕಂಪ್ಯೂಟರ್ ನಡೆಸುವ ಕಾಮನ್‌ರೈಲ್ ಎಂಜಿನ್‌ಗೆ ಈ ಉಪಾಯ ಬೇಡವೇ ಬೇಡ. ನಾಜಲ್ ತೆಗೆದಾಗ ಹಳೇ ತಾಮ್ರದ ವಾಷರ್ ಹೆಡ್‌ನ ತೂತಿನಲ್ಲೇ ಉಳಿದಿದೆಯೇ ಅಂತ ಟಾರ್ಚ್ ಹಾಕಿ ನೋಡಿ. ಅದರ ಮೇಲೇ ಹೊಸದು ಕೂತರೆ ನಾಜಲ್ ಎತ್ತರಕ್ಕೆ ಕೂತು ಸಿಂಪಡಣೆ ಕೆಡುತ್ತೆ. ಹೊಸ ನಾಜಲ್ ಹಾಕಿದ ಮೇಲೂ ಹೋಗದ ಹೊಗೆಯ ಹಿಂದೆ ಈ ಜೋಡಿ ವಾಷರ್ ಇರೋದುಂಟು.

ಬಿಳಿ ಹೊಗೆಯನ್ನು ಮೂಗಿನಿಂದ ತಿಳಿಯಿರಿ. ಕಣ್ಣು ಉರಿಸಿ ಗಾಳಿಯಲ್ಲೇ ತೇಲಿದರೆ ಉರಿಯದ ಡೀಸೆಲ್. ಪಂಪ್ ಟೈಮಿಂಗ್ ತಡ, ಡೀಸೆಲ್ ಲೈನಿನಲ್ಲಿ ಗಾಳಿ, ಇಲ್ಲ ಕಂಪ್ರೆಷನ್ ಕಡಿಮೆ. ಸಿಹಿ ವಾಸನೆ ಬಂದು ಆವಿಯಂತೆ ಕರಗಿದರೆ ಕೂಲೆಂಟ್. ರೇಡಿಯೇಟರ್‌ನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್.

ನೀಲಿ ಹೊಗೆಗೆ ಬಂದಾಗ ಟರ್ಬೊ ಮೇಲಿನ ಆರೋಪ ವಿಚಾರಣೆಗೆ ಯೋಗ್ಯ. ಆದರೂ ಮೊದಲು ಟರ್ಬೊದಿಂದ ಎಂಜಿನ್ ತಳದ ಆಯಿಲ್ ಸಂಪಿಗೆ ಇಳಿಯುವ ಆಯಿಲ್ ಪೈಪು ಕಟ್ಟಿದೆಯೇ ನೋಡಿ. ಆ ಎಣ್ಣೆ ತನ್ನ ಭಾರಕ್ಕೇ ಇಳಿಯಬೇಕು. ಕಿಟ್ಟ ಕಟ್ಟಿದರೆ ಹೊಚ್ಚ ಹೊಸ ಟರ್ಬೊ ಕೂಡ ಎಣ್ಣೆ ಉಗುಳುತ್ತೆ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಕಟ್ಟಿದರೂ ಅದೇ ಕಥೆ. ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟ ಗಾಡಿಯೂ ಸ್ವಲ್ಪ ಎಣ್ಣೆ ಜಿನುಗಿಸುತ್ತೆ, ಅದಕ್ಕೆ ಹೆದರಬೇಡಿ. ಎಂಜಿನ್ ತಣ್ಣಗಿರುವಾಗ ಶಾಫ್ಟ್ ಹಿಡಿದು ಅಲುಗಾಡಿಸಿ. ಅಡ್ಡಕ್ಕೆ ಚೂರು ಆಟ ಸಹಜ. ಚಕ್ರ ಗೋಡೆಗೆ ಉಜ್ಜಿದರೆ, ಇಲ್ಲವೇ ಶಾಫ್ಟ್ ಹಿಂದೆ ಮುಂದೆ ಸರಿಯೋದು ಕೈಗೆ ಗೊತ್ತಾದರೆ ಮಾತ್ರ ಬಿಚ್ಚಿ. ಅಂಥ ಟರ್ಬೊ ಇಟ್ಟುಕೊಂಡು ಓಡಿಸಬಾರದು, ಎಂಜಿನ್ ತನ್ನ ಆಯಿಲನ್ನೇ ಕುಡಿದು ಕೀ ಆಫ್ ಮಾಡಿದರೂ ನಿಲ್ಲದೆ ಅದರ ವೇಗ ಏರುತ್ತಲೇ ಹೋಗಬಹುದು. ಹೊಸದು ಕೂರಿಸುವಾಗ ಆಯಿಲ್ ತೂತಿಗೆ ಎಣ್ಣೆ ಹಾಕಿ ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ.

ಟರ್ಬೊ ನಿರಪರಾಧಿಯಾದರೆ ಉಳಿಯೋದು ವಾಲ್ವ್ ಸೀಲ್ ಮತ್ತು ಪಿಸ್ಟನ್ ರಿಂಗು. ಇಳಿಜಾರು ಮುಗಿಸಿ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬರುವ ನೀಲಿ ಮೋಡ ಸೀಲಿನದು. ರಿಂಗಿಗೆ, ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳವನ್ನು ಮಗುಚಿ ಬಾಯಿಯ ಮೇಲಿಡಿ. ಕುಣಿದು ಕೆಳಗೆ ಬಿದ್ದರೆ ಬ್ಲೋ ಬೈ, ಅಂದರೆ ರಿಂಗು ದಾಟಿ ಸೋರುವ ಗಾಳಿ, ಜೋರಾಗಿದೆ. ಆಗಲೇ ಖರ್ಚಿನ ನಿಜವಾದ ಮುಖ ಕಾಣೋದು, ಯಾಕೆಂದರೆ ಈ ಎಂಜಿನ್‌ನಲ್ಲಿ ಎಳೆದು ಬದಲಿಸುವ ಲೈನರ್ (ಸಿಲಿಂಡರಿನ ಒಳಕೊಳವೆ) ಇಲ್ಲ. ಬ್ಲಾಕ್ ಕೊರೆಸಿ 0.5 ಅಥವಾ 1 ಮಿ.ಮೀ. ದೊಡ್ಡ ಪಿಸ್ಟನ್ ಹಾಕಬೇಕು, ಅದೂ ಮುಗಿದಿದ್ದರೆ ಕೊರೆದ ತೂತಿಗೆ ಸ್ಲೀವ್ ಎಂಬ ಕೊಳವೆ ಕೂರಿಸಬೇಕು.

ಈ ಎಂಜಿನ್‌ಗೆ 5ಕ್ಕೆ 4 ಅಂಕ. ಕಳೆದ ಒಂದು ಆ ಲೈನರ್ ಲೆಕ್ಕಕ್ಕೆ.