ಗದ್ದದ ಕೂದಲಿಗೆ ಲೇಸರ್: ಕಲಬುರಗಿಯಲ್ಲಿ ಏಳು ಸಿಟಿಂಗ್ ಆದ ಮೇಲೆ

ಶಹಾಬಾದ್‌ನಿಂದ ಕಲಬುರಗಿಗೆ ಓಡಾಡಿ ಗದ್ದ ಮತ್ತು ಮೇಲ್ದುಟಿಗೆ ಲೇಸರ್ ಮಾಡಿಸಿಕೊಂಡೆ. ಹೋದ ಆಗಸ್ಟ್‌ಗೆ ಏಳು ಸಿಟಿಂಗ್ ಮುಗಿದವು. ಮೊದಲು ದಿನಾ ಬೆಳಿಗ್ಗೆ ಕಿಟಕಿ ಹತ್ತಿರ ಕನ್ನಡಿ ಇಟ್ಟುಕೊಂಡು ಚಿಮಟದಿಂದ ಕೂದಲು ಕೀಳುತ್ತಿದ್ದೆ. ಈಗ ಹದಿನೈದು ದಿನಕ್ಕೊಮ್ಮೆ ಸಣ್ಣ ರೇಜರ್ ಆಡಿಸಿದರೆ ಸಾಕು. ಒಳ್ಳೆಯ ಫಲಿತಾಂಶ ಅಂತಲೇ ಹೇಳುತ್ತೇನೆ. ಆದರೆ ಇದು ನಾನು ಹೋದ ಎರಡನೇ ಜಾಗ. ಮೊದಲನೆಯ ಕಡೆ ಆದದ್ದನ್ನು ಹೇಳದೆ ಇದನ್ನು ಹೊಗಳಿದರೆ ಓದುವವರಿಗೆ ಉಪಯೋಗ ಇಲ್ಲ.

ಮೊದಲನೆಯ ಜಾಗದ ಹೆಸರು ಬೇಡ. ಆರು ಸಿಟಿಂಗ್‌ಗೆ 7,999 ರೂಪಾಯಿ ಅಂತ ಆಫರ್ ಇತ್ತು. ನಾನು ಕೇಳಿದ್ದು ರೇಟ್ ಒಂದೇ. ಅವರೂ ನನ್ನನ್ನು ಏನೂ ಕೇಳಲಿಲ್ಲ. ಹಿಂದಿನ ದಿನ ಥ್ರೆಡ್ಡಿಂಗ್ ಮಾಡಿಸಿಕೊಂಡು ಹೋಗಿದ್ದೆ, ಅದನ್ನೂ ನೋಡಲಿಲ್ಲ. ಮಾರ್ಚ್ ಕೊನೆಯ ವಾರ, ಬಿಸಿಲು ಏರಿತ್ತು. ಎರಡನೇ ಸಿಟಿಂಗ್ ಆದ ರಾತ್ರಿ ಗದ್ದ ಉರಿಯತೊಡಗಿತು. ಎರಡೇ ದಿನದಲ್ಲಿ ಚೌಕ ಚೌಕ ಕಪ್ಪು ಕಲೆ ಬಿದ್ದವು, ಸರಿಯಾಗಿ ಆ ಯಂತ್ರದ ತುದಿಯ ಅಳತೆಗೆ. ಫೋನ್ ಮಾಡಿದರೆ "ಏನೂ ಆಗಂಗಿಲ್ರಿ, ಅಲೋವೆರಾ ಹಚ್ರಿ" ಅಂದರು. ನಾನು ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳು "ಟೀಚರ್, ಗದ್ದಕ್ಕ ಏನಾಗ್ಯಾದ್ರಿ?" ಅಂತ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಸ್ಕಾರ್ಫ್ ಕಟ್ಟಿಕೊಂಡೇ ಶಾಲೆಗೆ ಹೋದೆ.

ವೈನಿ ಬೈದು, ಕೈಹಿಡಿದು ಕಲಬುರಗಿಯ ಒಬ್ಬರು ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಈ ಮೆಚ್ಚುಗೆ ಅವರ ಕ್ಲಿನಿಕ್‌ಗೆ.

ಡಾಕ್ಟರ್ ಮೇಡಂ ಕಲೆಗಳನ್ನು ನೋಡಿ, ಮೊದಲು ಯಾವ ಯಂತ್ರದಲ್ಲಿ ಮಾಡಿದರು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಬಿಲ್ ತೋರಿಸಿದೆ. ಅದರಲ್ಲಿ ಐಪಿಎಲ್ ಅಂತ ಇತ್ತು. ಐಪಿಎಲ್ ಲೇಸರೇ ಅಲ್ಲವಂತೆ! ಅದು ಹಲವು ಅಲೆಯುದ್ದಗಳು ಕೂಡಿದ ಬೆಳಕಿನ ಫ್ಲ್ಯಾಶ್. ಲೇಸರ್‌ನಲ್ಲಿ ಒಂದೇ ಅಲೆಯುದ್ದ ಇರುತ್ತದೆ. ಎರಡೂ ಕೆಲಸ ಮಾಡುವುದು ಕೂದಲಿನ ಕಪ್ಪು ಬಣ್ಣದ ಮೇಲೆ. ಆ ಬಣ್ಣ ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತದೆ, ಆ ಬಿಸಿಗೆ ಬೇರು ಹಾಳಾಗುತ್ತದೆ. ಅದೇ ಬಣ್ಣ ನಮ್ಮ ಚರ್ಮದಲ್ಲೂ ಇದೆಯಲ್ವಾ? ನನ್ನದು ಎಣ್ಣೆಗೆಂಪು ಮೈಬಣ್ಣ, ಅದರ ಮೇಲೆ ಮಾರ್ಚ್ ಬಿಸಿಲಿಗೆ ಕಪ್ಪಾಗಿದ್ದ ಮುಖ. ಕೂದಲಿಗೆ ಹೋಗಬೇಕಾದ ಬೆಳಕನ್ನು ಚರ್ಮವೇ ಕುಡಿದು ಸುಟ್ಟುಕೊಂಡಿತ್ತು.

ಯಂತ್ರಗಳ ವ್ಯತ್ಯಾಸವನ್ನು ಅವರು ಒಂದು ಚೀಟಿಯ ಮೇಲೆ ಬರೆದುಕೊಟ್ಟರು. ಆ ಚೀಟಿ ಇನ್ನೂ ನನ್ನ ಪರ್ಸ್‌ನಲ್ಲಿದೆ. ಅಲೆಕ್ಸಾಂಡ್ರೈಟ್ ಲೇಸರ್‌ನ ಅಲೆಯುದ್ದ 755 ನ್ಯಾನೋಮೀಟರ್, ಬೆಳ್ಳಗಿರುವವರಿಗೆ ಚೆನ್ನಾಗಿ ಒಪ್ಪುತ್ತದೆ. ಡಯೋಡ್ 810ರ ಆಸುಪಾಸು, ನಮ್ಮ ಕಡೆಯ ಬಹಳಷ್ಟು ಜನಕ್ಕೆ ಸಾಕು, ಆದರೆ ಚರ್ಮ ತಂಪು ಮಾಡುವ ವ್ಯವಸ್ಥೆ ಸರಿ ಇರಬೇಕು. ಎನ್‌ಡಿ ಯಾಗ್ 1064, ಚರ್ಮದ ಬಣ್ಣ ಇದನ್ನು ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. ಕಪ್ಪಗಿರುವವರಿಗೆ ಇದೇ ಹೆಚ್ಚು ಸುರಕ್ಷಿತ. ನೋವು ಸ್ವಲ್ಪ ಜಾಸ್ತಿ, ಸಿಟಿಂಗ್ ಕೂಡ ಒಂದೆರಡು ಜಾಸ್ತಿ ಬೇಕಾಗಬಹುದು. ನನಗೆ ಇದನ್ನೇ ಆರಿಸಿದರು.

ಆರಿಸಿದರು ಅಂದರೆ ಅವತ್ತೇ ಶುರು ಮಾಡಲಿಲ್ಲ. "ನಿಮ್ಮ ಮುಟ್ಟು ಸರಿಯಾಗಿ ಬರ್ತದೇನ್ರಿ?" ಅಂತ ಕೇಳಿದರು. ಎರಡು ಮೂರು ತಿಂಗಳು ತಪ್ಪುತ್ತಿತ್ತು. ಮನೆಯಲ್ಲಿ ಅವ್ವನಿಗೂ ಅದನ್ನು ಸರಿಯಾಗಿ ಹೇಳಿರಲಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಯಿತು, ಪಿಸಿಓಡಿ ಅಂತ ಗೊತ್ತಾಯಿತು, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ, ಮುಖದ ಮೇಲೆ ಕೂದಲು ಬರಿಸುವ ತೊಂದರೆ. ಹೆರಿಗೆ ಡಾಕ್ಟರ್ ಹತ್ತಿರ ಕಳಿಸಿ ಮಾತ್ರೆ ಶುರು ಮಾಡಿಸಿದರು. ಲೇಸರ್ ಈಗಿರುವ ಬೇರನ್ನು ಸುಡುತ್ತದೆ, ಹೊಸ ಕೂದಲನ್ನು ಹುಟ್ಟಿಸುವ ಹಾರ್ಮೋನಿಗೆ ಏನೂ ಮಾಡುವುದಿಲ್ಲ. ಮೊದಲನೆಯ ಕಡೆ ಈ ಒಂದು ಪ್ರಶ್ನೆ ಕೇಳಿದ್ದರೆ ನನ್ನ ಕಾಯಿಲೆ ಆರು ತಿಂಗಳು ಮುಂಚೆ ಗೊತ್ತಾಗುತ್ತಿತ್ತು. ಕಲೆಗಿಂತ ಇದಕ್ಕೆ ನನಗೆ ಹೆಚ್ಚು ಸಿಟ್ಟು.

ಅಕ್ಟೋಬರ್‌ವರೆಗೆ ಕಾಯಿಸಿದರು. ಕಲೆ ತಿಳಿಯಾಗಬೇಕು, ಬಿಸಿಲಿನ ಕಪ್ಪು ಇಳಿಯಬೇಕು ಅಂತ. ಥ್ರೆಡ್ಡಿಂಗ್, ಚಿಮಟ, ವ್ಯಾಕ್ಸ್ ಪೂರ್ತಿ ಬಂದ್. ಬೇರನ್ನೇ ಕಿತ್ತುಬಿಟ್ಟರೆ ಲೇಸರ್‌ಗೆ ಹಿಡಿಯಲು ಒಳಗೆ ಏನೂ ಇರುವುದಿಲ್ಲ, ಬೋಳಿಸಬಹುದು ಅಷ್ಟೇ. ಹೆಂಗಸರು ಮುಖ ಬೋಳಿಸಿದರೆ ಗಡ್ಡ ದಪ್ಪ ಬರುತ್ತದೆ ಅಂತ ನಮ್ಮಲ್ಲಿ ಹೆದರುತ್ತಾರೆ. ಹಾಗೇನಿಲ್ಲ. ತುದಿ ಮೊಂಡಾಗಿ ಕತ್ತರಿಸುವುದರಿಂದ ಮುಟ್ಟಿದರೆ ಒರಟಾಗಿರುತ್ತದೆ, ಬೇರು ಇದ್ದಂತೆಯೇ ಇರುತ್ತದೆ.

ನಾನು ಕೆನ್ನೆಗೂ ಮಾಡಿ ಅಂದೆ. ಅವರು ಒಪ್ಪಲಿಲ್ಲ. ಕೆನ್ನೆಯ ಮೇಲಿದ್ದದ್ದು ಸಣ್ಣ ಪೀಚು ಕೂದಲು. ಅಂಥ ಕೂದಲಿಗೆ ಲೇಸರ್ ತಾಗಿದರೆ ಕೆಲವರಿಗೆ ತಿರುಗಿ ದಪ್ಪ ಕೂದಲು ಬರುತ್ತದಂತೆ. ಮುಖ ಮತ್ತು ಕುತ್ತಿಗೆಯಲ್ಲಿ, ಅದರಲ್ಲೂ ಪಿಸಿಓಡಿ ಇರುವವರಲ್ಲಿ ಇದು ಕಂಡುಬರುತ್ತದೆ. ಕೊಡುವ ದುಡ್ಡನ್ನು ಬೇಡ ಅಂದವರನ್ನು ನಾನು ಆವತ್ತೇ ಪೂರ್ತಿ ನಂಬಿದೆ.

ಮೊದಲು ಕಿವಿಯ ಕೆಳಗೆ ಒಂದು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿ ಎರಡು ವಾರ ಬಿಟ್ಟು ನೋಡಿದರು. ಆಮೇಲೆ ನಾಲ್ಕರಿಂದ ಆರು ವಾರಕ್ಕೊಂದು ಸಿಟಿಂಗ್. ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲ, ಬೆಳೆಯುವ ಹಂತದಲ್ಲಿ ಇರುವುದಕ್ಕಷ್ಟೇ ಲೇಸರ್ ಸರಿಯಾಗಿ ತಾಗುತ್ತದೆ. ಅದಕ್ಕೇ ಇಷ್ಟು ಸಲ ಹೋಗಬೇಕು. ಕಣ್ಣಿಗೆ ದಪ್ಪ ಕನ್ನಡಕ ಕೊಡುತ್ತಾರೆ. ತಣ್ಣನೆ ಗಾಳಿ ಬಿಡುತ್ತಿದ್ದರೂ ಒಗ್ಗರಣೆಯ ಸಾಸಿವೆ ಕೈಮೇಲೆ ಸಿಡಿದ ಹಾಗೆ ಚುರ್ ಅನ್ನುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ. ಹತ್ತು ನಿಮಿಷದ ಕೆಲಸ. ಸಂಜೆವರೆಗೆ ಕೂದಲಿನ ಬುಡದಲ್ಲಿ ಕೆಂಪು ಗುಳ್ಳೆ ಇರುತ್ತವೆ, ಬೆಳಿಗ್ಗೆಗೆ ಇಳಿಯುತ್ತವೆ. ಒಂದೆರಡು ವಾರದಲ್ಲಿ ಸತ್ತ ಕೂದಲು ಉದುರುತ್ತವೆ. ಮೊದಲ ಸಲ ಮುಖ ತೊಳೆಯುವಾಗ ಅವು ಟವೆಲ್‌ಗೆ ಹತ್ತಿದ್ದನ್ನು ನೋಡಿ ಖುಷಿಯಿಂದ ಕಣ್ಣಲ್ಲಿ ನೀರು ಬಂತು.

ಮಾರ್ಚ್‌ವರೆಗೆ ಐದು ಮಾಡಿದರು. ಏಪ್ರಿಲ್‌ನಿಂದ ಜೂನ್‌ವರೆಗೆ ನಿಲ್ಲಿಸಿದರು. ನಮ್ಮ ಕಡೆ 42 ಡಿಗ್ರಿ ಬಿಸಿಲಲ್ಲಿ ರೈಲಿಗೆ ಓಡಾಡುವವರಿಗೆ ಬೇಡ ಅಂತ. ಉಳಿದ ಎರಡು ಜುಲೈ, ಆಗಸ್ಟ್‌ನಲ್ಲಿ ಆದವು. ಸನ್‌ಸ್ಕ್ರೀನ್ ಮಾತ್ರ ಒಂದು ದಿನವೂ ತಪ್ಪಿಸಬಾರದು. ಪ್ರಾರ್ಥನೆಗೆ ಅಂಗಳದಲ್ಲಿ ನಿಲ್ಲುವ ನಮ್ಮಂಥವರು ಮಧ್ಯಾಹ್ನವೂ ಒಮ್ಮೆ ಹಚ್ಚಬೇಕು.

ಖರ್ಚು: ಸಿಟಿಂಗ್‌ಗೆ 2,000 ರೂಪಾಯಿ, ಪ್ಯಾಕೇಜ್ ಅಂತ ಮುಂಗಡ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಹೋಗುತ್ತದೆ ಅಂತಲೂ ಅವರು ಹೇಳಲಿಲ್ಲ. ಕಡಿಮೆಯಾಗುತ್ತದೆ, ವರ್ಷಕ್ಕೆ ಒಂದೋ ಎರಡೋ ಸಲ ಮತ್ತೆ ಬರಬೇಕಾಗಬಹುದು ಅಂದರು. ನಮ್ಮ ದೊಡ್ಡವ್ವ ತಾನೂ ಬರುತ್ತೇನೆ ಅಂದಾಗ, ಬಿಳಿ ಕೂದಲಿಗೆ ಲೇಸರ್ ಹಿಡಿಯುವುದಿಲ್ಲ, ಸುಮ್ನೆ ದುಡ್ಡು ದಂಡ ಅಂತ ನೇರವಾಗಿ ಹೇಳಿ ಕಳಿಸಿದರು.

ಕೊರತೆಯೂ ಇದೆ. ಟೈಮ್ ಕೊಟ್ಟರೂ ಒಂದೂವರೆ ಗಂಟೆ ಕಾಯಬೇಕು. ಕಾಯುವ ಕೋಣೆಯಲ್ಲಿ ಎಲ್ಲರ ಮುಂದೆ "ಗದ್ದದ ಲೇಸರ್ ಯಾರ್ರಿ?" ಅಂತ ಕೂಗುತ್ತಾರೆ. ಅದು ಮನಸ್ಸಿಗೆ ನೋವಾಗುತ್ತದೆ, ಎರಡು ಸಲ ಹೇಳಿದ ಮೇಲೆ ನನ್ನನ್ನು ಹೆಸರಿಂದ ಕರೆಯತೊಡಗಿದರು. ಶನಿವಾರ ಹಳ್ಳಿಗಳಿಂದ ಬರುವವರ ಗದ್ದಲ ಜಾಸ್ತಿ. ನಾನು ಬುಧವಾರ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಹೋಗುತ್ತೇನೆ, ಹನ್ನೆರಡರೊಳಗೆ ಮುಗಿಯುತ್ತದೆ.